ಮರುಮಾರಾಟ ಮಳಿಗೆಯ ದಾಸ್ತಾನು ಮತ್ತು ಲಾಭದ ಲೆಕ್ಕ: ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ

ಗ್ರಾಮ ಪಂಚಾಯಿತಿಗಳ ವಾಣಿಜ್ಯ ಮಳಿಗೆಗಳಲ್ಲಿಯೂ ವಾರದ ಸಂತೆಯ ಕಟ್ಟೆಗಳ ಮೇಲೆಯೂ ಮಹಿಳಾ ಸ್ವಸಹಾಯ ಸಂಘಗಳು ಹಾಗೂ ಅವುಗಳ ಒಕ್ಕೂಟಗಳು ಮಾರಾಟ ಮಳಿಗೆ ನಡೆಸುವುದು ಈಗ ಹೊಸ ಸಂಗತಿಯಾಗಿ ಉಳಿದಿಲ್ಲ. 2000-01ರಲ್ಲಿ ರಾಜ್ಯದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯೂ, 2011ರಲ್ಲಿ ದೇಶದಾದ್ಯಂತ ಆರಂಭವಾಗಿ ಕರ್ನಾಟಕದಲ್ಲಿ ‘ಸಂಜೀವಿನಿ’ ಎಂಬ ಹೆಸರಿನಿಂದ ಜಾರಿಯಲ್ಲಿರುವ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನವೂ ಈ ಬೆಳವಣಿಗೆಗೆ ಕಾರಣವಾಗಿವೆ. ಇಂತಹ ಮಳಿಗೆಗಳ ಕಪಾಟುಗಳನ್ನು ಗಮನಿಸಿದರೆ, ಅಲ್ಲಿರುವ ಸರಕೆಲ್ಲವೂ ಸಂಘದವರೇ ತಯಾರಿಸಿದ್ದಲ್ಲವೆಂಬುದು ತಿಳಿಯುತ್ತದೆ. ಪಟ್ಟಣದ ಸಗಟು ಅಂಗಡಿಯಿಂದ ತಂದ ಊದುಬತ್ತಿ, ಸಾಬೂನು, ಬಳೆ, ನೋಟ್‌ಪುಸ್ತಕ. ಬೇರೊಂದು ತಾಲ್ಲೂಕಿನ ಸಂಘದಿಂದ ಕೊಂಡ ಹಪ್ಪಳ ಮತ್ತು ಚಟ್ನಿಪುಡಿ. ಬ್ಯಾಡಗಿಯಿಂದ ಬಂದ ಮೆಣಸಿನಕಾಯಿ. ಮಂಡ್ಯದ ಆಲೆಮನೆಯ ಬೆಲ್ಲ. ಇವೆಲ್ಲವೂ ಕೊಂಡು ಮಾರುವ ಸರಕುಗಳು. ಹಪ್ಪಳ ಮಾಡುವುದಕ್ಕೆ, ಊದುಬತ್ತಿ ಹೊಸೆಯುವುದಕ್ಕೆ ತರಬೇತಿ ದೊರೆಯುತ್ತದೆ. ಕೊಂಡು ಮಾರುವುದಕ್ಕೂ ಕಲಿಕೆ ಬೇಕೆಂಬುದು ಮಾತ್ರ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ.

ಮಳಿಗೆಯನ್ನು ಬಾಡಿಗೆಗೆ ನೀಡುವ, ಅವಧಿ ವಿಸ್ತರಿಸುವ, ಬಾಡಿಗೆ ಬಾಕಿಯ ಬಗ್ಗೆ ತೀರ್ಮಾನಿಸುವ ವಿಷಯಗಳು ಪಂಚಾಯಿತಿ ಸಭೆಯ ಮುಂದೆ ಬರುತ್ತವೆ. ಆ ಸಂದರ್ಭದಲ್ಲಿ ‘ವ್ಯಾಪಾರ ಚೆನ್ನಾಗಿದೆ’ ಎಂಬ ಮಾತನ್ನು ಸದಸ್ಯರು ಯಾವ ಆಧಾರದ ಮೇಲೆ ಒಪ್ಪಬೇಕು ಎಂಬುದೇ ಈ ಪಾಠದ ವಿಷಯ. ಚೆನ್ನಾಗಿ ನಡೆಯುತ್ತಿದ್ದಂತೆ ಕಂಡ ಮಳಿಗೆ ಒಂದೆರಡು ವರ್ಷದಲ್ಲಿ ಬಾಗಿಲು ಹಾಕಿದಾಗ ಪಂಚಾಯಿತಿಗೆ ಉಳಿಯುವುದು ಬಾಡಿಗೆ ಬಾಕಿ ಮಾತ್ರ. ಅದಕ್ಕೆ ಬಂಡವಾಳ ಕೊಟ್ಟ ಹೆಣ್ಣುಮಕ್ಕಳಿಗೆ ಉಳಿಯುವುದು ಸಾಲ. ಅವರ ವಾರದ ಉಳಿತಾಯ ಬಹುಮಟ್ಟಿಗೆ ಕೂಲಿಯಿಂದ ಬಂದದ್ದು.

ಗಲ್ಲಾಪೆಟ್ಟಿಗೆಯ ಮಾತು, ಕಪಾಟಿನ ಮಾತು

ಒಂದು ಒಕ್ಕೂಟದ ಮಳಿಗೆಯನ್ನು ಉದಾಹರಣೆಗಾಗಿ ಭಾವಿಸಿಕೊಳ್ಳೋಣ. ಅದು ಪಂಚಾಯಿತಿ ಕಟ್ಟಡದ ಒಂದು ಕೊಠಡಿಯಲ್ಲಿದೆ. ತಿಂಗಳ ಬಾಡಿಗೆ 1,000 ರೂ. ಬಂಡವಾಳವಾಗಿ ಒಕ್ಕೂಟದಿಂದ 60,000 ರೂ.ಗಳನ್ನು ವರ್ಷಕ್ಕೆ ಶೇ 12ರ ಬಡ್ಡಿಗೆ ಪಡೆಯಲಾಗಿದೆ. ತಿಂಗಳಿನಲ್ಲಿ 26 ದಿನ ಮಳಿಗೆ ತೆರೆದಿರುತ್ತದೆ; ಸಂತೆಯ ದಿನ ಸರಕಿನ ಒಂದು ಭಾಗವನ್ನು ಸಂತೆಗೆ ಒಯ್ಯಲಾಗುತ್ತದೆ.

ಆ ತಿಂಗಳ ಒಟ್ಟು ಮಾರಾಟ 47,000 ರೂ. ಅದರಲ್ಲಿ 2,500 ರೂ. ಉದ್ರಿ, ಕೈಗೆ ಬಂದದ್ದು 44,500 ರೂ. ಸಗಟು ವ್ಯಾಪಾರಿಯಿಂದ 36,000 ರೂ. ಬೆಲೆಯ ಸರಕು ತರಲಾಗಿದೆ. ಅದರಲ್ಲಿ 27,000 ರೂ. ಪಾವತಿಯಾಗಿದ್ದು 9,000 ರೂ. ಕೊಡುವುದು ಬಾಕಿ ಇದೆ. ಖರ್ಚುಗಳು ಹೀಗಿವೆ: ಬಾಡಿಗೆ 1,000, ವಿದ್ಯುತ್ 350, ಆಟೊ ಮತ್ತು ಸಾಗಣೆ 1,400, ನಾಲ್ಕು ಸಂತೆಗಳ ಸುಂಕ 200, ಚೀಲ-ಪೊಟ್ಟಣ 300, ಬಡ್ಡಿ 600, ಒಟ್ಟು 3,850 ರೂ. ತಿಂಗಳ ಕೊನೆಯಲ್ಲಿ ಗಲ್ಲಾಪೆಟ್ಟಿಗೆ ಮತ್ತು ಬ್ಯಾಂಕ್ ಖಾತೆ ಸೇರಿ ತಿಂಗಳ ಆರಂಭಕ್ಕಿಂತ 13,650 ರೂ. ಹೆಚ್ಚಿದೆ.

ಸಭೆಯಲ್ಲಿ ಈ ಅಂಕಿ ಓದಿದೊಡನೆ ಎಲ್ಲರ ಮುಖ ಅರಳುತ್ತದೆ. ಹತ್ತು ಮಂದಿ ಸದಸ್ಯೆಯರಿದ್ದರೆ ತಲೆಗೆ 1,365 ರೂ. ಹಂಚಬಹುದೆಂದು ಒಬ್ಬರಾದರೂ ಸೂಚಿಸುತ್ತಾರೆ. ಹಬ್ಬ ಹತ್ತಿರವಿದ್ದರೆ ಆ ಸೂಚನೆಗೆ ವಿರೋಧ ಬರುವುದೂ ಅಪರೂಪ.

ಈಗ ಕಪಾಟಿನ ಕಡೆಗೆ ನೋಡಬೇಕು. ತಿಂಗಳ ಆರಂಭದಲ್ಲಿ ಮಳಿಗೆಯಲ್ಲಿದ್ದ ಸರಕಿನ ಅಸಲು ಬೆಲೆ 48,000 ರೂ. ತಿಂಗಳ ಕೊನೆಯ ಎಣಿಕೆಯಲ್ಲಿ ಅದು 45,500 ರೂ. ಮಾರಾಟವಾದ ಸರಕಿನ ಅಸಲನ್ನು ಕಂಡುಹಿಡಿಯುವ ಕ್ರಮ ಇಷ್ಟೇ:

ಆರಂಭದ ದಾಸ್ತಾನು 48,000 + ತಿಂಗಳ ಖರೀದಿ 36,000 − ಅಂತ್ಯದ ದಾಸ್ತಾನು 45,500 = ಮಾರಾಟವಾದ ಸರಕಿನ ಅಸಲು 38,500.

ಮಾರಾಟ 47,000ದಲ್ಲಿ ಈ ಅಸಲನ್ನು ಕಳೆದರೆ ಒಟ್ಟು ಲಾಭ 8,500 ರೂ. ಅದರಲ್ಲಿ ಖರ್ಚು 3,850 ಕಳೆದರೆ 4,650 ರೂ. ಉಳಿಯುತ್ತದೆ. ಮಳಿಗೆಯಲ್ಲಿ ಕುಳಿತ ಮಹಿಳೆಗೆ ದಿನಕ್ಕೆ 150 ರೂ. ಗೌರವಧನವೆಂದು 26 ದಿನಕ್ಕೆ 3,900 ರೂ. ಕೊಟ್ಟರೆ ಮಳಿಗೆಗೆ ನಿಲ್ಲುವ ನಿವ್ವಳ ಲಾಭ 750 ರೂ.

ಪೆಟ್ಟಿಗೆ ಹೇಳಿದ್ದು 13,650. ಗೌರವಧನಕ್ಕೆ ಮುನ್ನ ನಿಜವಾಗಿ ದುಡಿದದ್ದು 4,650. ನಡುವಿನ ವ್ಯತ್ಯಾಸ ಎಲ್ಲಿಂದ ಬಂತೆಂಬುದನ್ನು ಪೈಸೆ ಬಿಡದೆ ತೋರಿಸಬಹುದು. ಪೆಟ್ಟಿಗೆಯಲ್ಲಿರುವ 9,000 ರೂ. ಸಗಟು ವ್ಯಾಪಾರಿಗೆ ಸೇರಿದ್ದು. ಇನ್ನು 2,500 ರೂ. ಕಪಾಟಿನಲ್ಲಿದ್ದ ಸರಕು ಕರಗಿ ಹಣವಾದದ್ದು. ಅಂದರೆ ಅದು ಬಂಡವಾಳವೇ. ಇವೆರಡನ್ನೂ 13,650ರಿಂದ ಕಳೆದು, ಹೊರಗೆ ಉದ್ರಿಯಾಗಿ ನಿಂತಿರುವ 2,500 ರೂ.ಗಳನ್ನು ಕೂಡಿಸಿದರೆ 4,650 ರೂ. ಬರುತ್ತದೆ. ಲೆಕ್ಕ ಸರಿಯಾಗಿದೆಯೇ ಎಂಬುದಕ್ಕೆ ಇದೇ ತಾಳೆ. ತಾಳೆಯಾಗದಿದ್ದರೆ ಎಲ್ಲೋ ಒಂದು ಚೀಟಿ ತಪ್ಪಿಹೋಗಿದೆ ಎಂದು ತಿಳಿಯಬೇಕು.

13,650 ರೂ.ಗಳನ್ನೂ ಹಂಚಿಬಿಟ್ಟರೆ ಮಳಿಗೆ ಮರುದಿನವೇ ಮುಚ್ಚುವುದಿಲ್ಲ. ಅಪಾಯವಿರುವುದು ಅಲ್ಲಿಯೇ. ಸಗಟು ವ್ಯಾಪಾರಿಯ ಬಾಕಿಯನ್ನು ಮುಂದಿನ ತಿಂಗಳ ಮಾರಾಟದಿಂದ ತೀರಿಸಲಾಗುತ್ತದೆ. ಹಾಗಾಗಿ ಮುಂದಿನ ತಿಂಗಳ ಖರೀದಿ ಕಡಿಮೆಯಾಗುತ್ತದೆ. ಕಪಾಟು ತೆಳ್ಳಗಾಗುತ್ತದೆ. ಕೇಳಿದ ಸಾಬೂನು ಇಲ್ಲ, ಕೇಳಿದ ಅಳತೆಯ ಬಳೆ ಇಲ್ಲ ಎಂದಾದಾಗ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಹೀಗೆ ಹೋದ ಗಿರಾಕಿ ಮರಳುವುದು ಕಷ್ಟ. ಆರೇಳು ತಿಂಗಳ ನಂತರ ‘ವ್ಯಾಪಾರವೇ ಬಿದ್ದುಹೋಯಿತು’ ಎಂಬ ಮಾತು ಕೇಳಿಬರುತ್ತದೆ. ವ್ಯಾಪಾರ ಬೀಳುವುದಕ್ಕೆ ಮೊದಲೇ ಬಂಡವಾಳವನ್ನು ಲಾಭವೆಂದು ಹಂಚಿಕೊಂಡಾಗಿತ್ತು.

ದಾಸ್ತಾನು ಎಣಿಕೆ

ಮೇಲಿನ ಲೆಕ್ಕವೆಲ್ಲ ನಿಂತಿರುವುದು 45,500 ಎಂಬ ಒಂದು ಅಂಕಿಯ ಮೇಲೆ. ಅದು ಅಂದಾಜಾದರೆ ಲಾಭವೂ ಅಂದಾಜೇ. ಆದುದರಿಂದ ತಿಂಗಳಿಗೊಮ್ಮೆ, ನಿಗದಿತ ದಿನದ ಸಂಜೆ, ಮಾರಾಟ ನಿಲ್ಲಿಸಿದ ನಂತರ ಎಣಿಕೆ ನಡೆಯಬೇಕು. ಮಳಿಗೆಯಲ್ಲಿ ಕೂರದ ಇಬ್ಬರು ಸದಸ್ಯೆಯರು ಎಣಿಸುವುದು, ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರು ಬರೆದುಕೊಳ್ಳುವುದು ಸೂಕ್ತ. ಮಾರುವವರ ಮೇಲೆ ಸಂಶಯವಿದೆ ಎಂಬ ಅರ್ಥ ಇದಕ್ಕಿಲ್ಲ. ಎಣಿಸುವವರು ಬೇರೆಯಾಗಿದ್ದರೆ ಕೊರತೆ ಬಂದಾಗ ಮಾರುವವರಿಗೇ ರಕ್ಷಣೆ.

ಸರಕಿಗೆ ಬರೆಯಬೇಕಾದ ಬೆಲೆ ಕೊಂಡ ಬೆಲೆ. ಪೊಟ್ಟಣದ ಮೇಲೆ ಮುದ್ರಿತವಾದ ಗರಿಷ್ಠ ಮಾರಾಟ ಬೆಲೆಯನ್ನು ನೋಡಿ ಬರೆಯುವುದು ಸುಲಭ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಖರೀದಿ ಚೀಟಿಯನ್ನು ಹುಡುಕಬೇಕಾಗುತ್ತದೆ. ಆದರೆ ಮೇಲಿನ ದಾಸ್ತಾನನ್ನು ಮಾರಾಟ ಬೆಲೆಯಲ್ಲಿ 56,000 ರೂ. ಎಂದು ಬರೆದರೆ ಇನ್ನೂ ಯಾರೂ ಕೊಳ್ಳದ ಸರಕಿನ ಮೇಲೆ 10,500 ರೂ. ಲಾಭ ಬಂದಂತೆ ಪುಸ್ತಕ ತೋರಿಸುತ್ತದೆ.

ಹಾಳಾದ ಸರಕನ್ನು ಎಣಿಕೆಯಿಂದ ಹೊರಗಿಡುವುದು ಎಲ್ಲಕ್ಕಿಂತ ಕಠಿಣವಾದ ಕೆಲಸ. ಇಲಿ ಕಚ್ಚಿದ ಕಡಲೆಹಿಟ್ಟಿನ ಪೊಟ್ಟಣ, ಅವಧಿ ಮೀರಿದ ಬಿಸ್ಕತ್ತು, ಮುಗ್ಗು ಹಿಡಿದ ಹಪ್ಪಳ, ಬಣ್ಣ ಮಾಸಿದ ರವಿಕೆ ಕಣ. ಇವನ್ನು ಬಿಸಾಡಲು ಮನಸ್ಸಾಗದೆ ಕಪಾಟಿನ ಮೂಲೆಯಲ್ಲಿ ಇಟ್ಟು, ಪ್ರತಿ ತಿಂಗಳೂ ಎಣಿಸುತ್ತ ಹೋಗುವುದುಂಟು. ನಮ್ಮ ಉದಾಹರಣೆಯ ಮಳಿಗೆಯಲ್ಲಿ 900 ರೂ. ಬೆಲೆಯ ಇಂತಹ ಸರಕನ್ನು ತೆಗೆದುಹಾಕಿದ ಮೇಲೆಯೇ 45,500 ಬಂದದ್ದು. ಅದನ್ನು ತೆಗೆಯದೆ ಇದ್ದಿದ್ದರೆ ನಿವ್ವಳ ಲಾಭ 750ರ ಬದಲು 1,650 ಎಂದು ಕಾಣುತ್ತಿತ್ತು. ಹಾಳಾದದ್ದನ್ನು ಪ್ರತ್ಯೇಕ ಪುಟದಲ್ಲಿ, ಕಾರಣ ಸಹಿತ ಬರೆದಿಟ್ಟರೆ ಯಾವ ಸರಕನ್ನು ಇನ್ನು ಮುಂದೆ ಕಡಿಮೆ ತರಬೇಕು ಎಂಬುದಕ್ಕೆ ಆ ಪುಟವೇ ಉತ್ತರ ಹೇಳುತ್ತದೆ. ಹಳೆಯ ಸರಕನ್ನು ಮುಂದಿಟ್ಟು ಹೊಸದನ್ನು ಹಿಂದಿಡುವ ರೂಢಿ ಇದ್ದಲ್ಲಿ ಈ ಪುಟ ಚಿಕ್ಕದಾಗಿರುತ್ತದೆ.

ಪುಸ್ತಕಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ತರಬೇತಿಗಳಲ್ಲಿ ಪ್ರತಿ ಸರಕಿಗೂ ಒಂದೊಂದು ದಾಸ್ತಾನು ಪುಟ ಇಡಬೇಕೆಂದು ಹೇಳಲಾಗುತ್ತದೆ. ಸೂಜಿ, ಪಿನ್ನು, ರಿಬ್ಬನ್ನು ಸೇರಿ ಇನ್ನೂರು ಬಗೆಯ ಸರಕಿರುವ ಮಳಿಗೆಯಲ್ಲಿ ಇದು ಎರಡನೆಯ ತಿಂಗಳಿಗೇ ನಿಂತುಹೋಗುತ್ತದೆ; ಆಮೇಲೆ ಯಾವ ಪುಸ್ತಕವೂ ಇರುವುದಿಲ್ಲ. ಹೆಚ್ಚು ಹಣ ತೊಡಗಿಸಿದ ಇಪ್ಪತ್ತು ಬಗೆಯ ಸರಕಿಗೆ ಮಾತ್ರ ದಿನಾಂಕ, ಬಂದದ್ದು, ಹೋದದ್ದು, ಉಳಿದದ್ದು ಎಂಬ ನಾಲ್ಕು ಕಲಮುಗಳ ಪುಟವಿರಿಸಿ, ಉಳಿದುದನ್ನು ತಿಂಗಳ ಎಣಿಕೆಯಲ್ಲಿ ಒಟ್ಟಾಗಿ ಹಿಡಿದರೆ ಸಾಕು. ಪೂರ್ಣವಾಗಿ ಬರೆಯದ ದೊಡ್ಡ ಪುಸ್ತಕಕ್ಕಿಂತ ತಪ್ಪದೆ ಬರೆದ ಸಣ್ಣ ಪುಸ್ತಕ ಹೆಚ್ಚು ಉಪಯುಕ್ತ.

ಸಂಘದ ಸದಸ್ಯೆಯರು ಮನೆಯಲ್ಲಿ ಮಾಡಿದ ಉಪ್ಪಿನಕಾಯಿ, ಸಂಡಿಗೆಗಳನ್ನು ‘ಮಾರಿದ ಮೇಲೆ ಹಣ ಕೊಡಿ’ ಎಂದು ಮಳಿಗೆಯಲ್ಲಿಟ್ಟು ಹೋಗುತ್ತಾರೆ. ಈ ಸರಕು ಮಳಿಗೆಯದಲ್ಲ. ಇದನ್ನು ಮಳಿಗೆಯ ದಾಸ್ತಾನಿನಲ್ಲಿ ಸೇರಿಸಿದರೆ ಕೊಳ್ಳದ ಸರಕಿನಿಂದ ಲಾಭ ಬಂದಂತಾಗುತ್ತದೆ. ಇದಕ್ಕೆ ಬೇರೆ ನೋಟ್‌ಪುಸ್ತಕ ಬೇಕು: ಯಾರು ತಂದರು, ಎಷ್ಟು, ಯಾವ ಬೆಲೆಗೆ, ಎಷ್ಟು ದಿನದೊಳಗೆ ಮಾರಾಟವಾಗದಿದ್ದರೆ ಮರಳಿ ಒಯ್ಯಬೇಕು, ಮಳಿಗೆಗೆ ಸಲ್ಲುವ ಕಮಿಷನ್ ಎಷ್ಟು. ಕಮಿಷನ್ ಮಾತ್ರ ಮಳಿಗೆಯ ಆದಾಯ. ಮರಳಿ ಒಯ್ಯುವ ದಿನವನ್ನು ಮೊದಲೇ ಬರೆಯದಿದ್ದರೆ, ಹುಳಿಯಾದ ಉಪ್ಪಿನಕಾಯಿಯ ನಷ್ಟ ಯಾರದೆಂಬ ಜಗಳ ಸಂಘವನ್ನೇ ಒಡೆಯುವ ಮಟ್ಟಕ್ಕೆ ಹೋಗಬಹುದು.

ಯಾವ ಸರಕು ದುಡಿಯುತ್ತದೆ

ಒಂದು ಸರಕಿನಲ್ಲಿ ಎಷ್ಟು ಲಾಭವಿದೆ ಎಂಬ ಪ್ರಶ್ನೆಯ ಜೊತೆಗೆ ಅದು ಎಷ್ಟು ದಿನಕ್ಕೊಮ್ಮೆ ಮಾರಾಟವಾಗುತ್ತದೆ ಎಂದೂ ಕೇಳಬೇಕು. ಒಂದು ಹಿತ್ತಾಳೆ ದೀಪವನ್ನು 1,200 ರೂ.ಗೆ ಕೊಂಡು 1,600ಕ್ಕೆ ಮಾರಿದರೆ 400 ರೂ. ಲಾಭ, ಆದರೆ ಅದು ಆರು ತಿಂಗಳು ಕಪಾಟಿನಲ್ಲಿ ಕುಳಿತಿತ್ತು ಎನ್ನೋಣ. ಅದೇ 1,200 ರೂ.ಗೆ 40 ರೂ. ಬೆಲೆಯ 30 ಪೊಟ್ಟಣ ಊದುಬತ್ತಿ ಕೊಂಡು 50ರಂತೆ ಮಾರಿದರೆ ಪೊಟ್ಟಣಕ್ಕೆ ಸಿಗುವುದು 10 ರೂ. ಮಾತ್ರ. ಆದರೆ ಹದಿನೈದು ದಿನದಲ್ಲಿ ಮೂವತ್ತೂ ಮಾರಾಟವಾಗಿ, ಅದೇ ಹಣದಿಂದ ಮತ್ತೆ ಮೂವತ್ತು ಬರುತ್ತದೆ. ತಿಂಗಳಿಗೆ ಊದುಬತ್ತಿಯಿಂದ 600 ರೂ.; ದೀಪದಿಂದ ತಿಂಗಳ ಸರಾಸರಿ ಸುಮಾರು 67 ರೂ. ಮಳಿಗೆಗೆ ಅಂದ ಕೊಡಲು ಒಂದು ದೀಪ ಇರಲಿ. ಐದು ದೀಪ ಬೇಡ.

ಉದಾಹರಣೆಯ ಮಳಿಗೆಯ ಸರಾಸರಿ ದಾಸ್ತಾನು 46,750 ರೂ.; ತಿಂಗಳಲ್ಲಿ ಹೊರಹೋದ ಸರಕಿನ ಅಸಲು 38,500 ರೂ. ಅಂದರೆ ಸುಮಾರು 36 ದಿನಗಳ ಮಾರಾಟಕ್ಕಾಗುವಷ್ಟು ಸರಕು ಒಳಗಿದೆ. ಸಗಟು ಪೇಟೆಗೆ ವಾರಕ್ಕೊಮ್ಮೆ ಹೋಗಿಬರುವ ಅನುಕೂಲವಿರುವ ಊರಿಗೆ ಇದು ಹೆಚ್ಚು. ತಿಂಗಳಿಗೊಮ್ಮೆ ಮಾತ್ರ ವಾಹನ ಹೋಗುವ ಊರಿಗೆ ತಕ್ಕಷ್ಟೇ. ಇದಕ್ಕೆ ಎಲ್ಲ ಊರಿಗೂ ಹೊಂದುವ ಒಂದೇ ಅಳತೆ ಇಲ್ಲ.

ಹಬ್ಬದ ಸರಕು ಇನ್ನೂ ಹೆಚ್ಚಿನ ವಿವೇಚನೆ ಬೇಡುತ್ತದೆ. ಸಂಕ್ರಾಂತಿಯ ಎಳ್ಳು-ಬೆಲ್ಲದ ಮಿಶ್ರಣ ಮತ್ತು ಸಕ್ಕರೆ ಅಚ್ಚುಗಳು ಜನವರಿ ಎರಡನೆಯ ವಾರದಲ್ಲಿ ಕೈಗೆ ಸಿಗದಂತೆ ಮಾರಾಟವಾಗುತ್ತವೆ; ಹಬ್ಬದ ಮರುದಿನ ಅವನ್ನು ಕೇಳುವವರಿಲ್ಲ. ಜೂನ್ ಮೊದಲ ವಾರದಲ್ಲಿ ಶಾಲೆ ಆರಂಭವಾಗುವಾಗಿನ ನೋಟ್‌ಪುಸ್ತಕದ ಸ್ಥಿತಿ ಅಷ್ಟು ಕಠಿಣವಲ್ಲ; ಉಳಿದದ್ದು ವರ್ಷವಿಡೀ ಒಂದೊಂದಾಗಿ ಹೋಗುತ್ತದೆ. ಆದುದರಿಂದ ಉಳಿದರೆ ಮುಂದೆಯೂ ಮಾರಾಟವಾಗುವ ಸರಕನ್ನು ಧಾರಾಳವಾಗಿ, ಹಬ್ಬದೊಂದಿಗೇ ಮುಗಿಯುವ ಸರಕನ್ನು ಬಿಗಿಯಾಗಿ ತರುವುದು ಲೇಸು. ಹಿಂದಿನ ವರ್ಷ ಎಷ್ಟು ತಂದಿತ್ತು, ಎಷ್ಟು ಉಳಿಯಿತು ಎಂದು ಬರೆದಿಟ್ಟ ಒಂದು ಸಾಲು ಇಲ್ಲಿ ಯಾವ ತರಬೇತಿಗಿಂತಲೂ ಹೆಚ್ಚು ನೆರವಾಗುತ್ತದೆ.

ಬೆಲೆ ಕಟ್ಟುವುದು

80 ರೂ.ಗೆ ಕೊಂಡ ಸರಕನ್ನು 100ಕ್ಕೆ ಮಾರಿದರೆ ಲಾಭ 20 ರೂ. ಕೊಂಡ ಬೆಲೆಯ ಮೇಲೆ ಲೆಕ್ಕ ಹಾಕಿದರೆ ಇದು ಶೇ 25. ಮಾರಿದ ಬೆಲೆಯ ಮೇಲೆ ಶೇ 20. ಎರಡೂ ಸರಿಯೇ, ಆದರೆ ಒಂದನ್ನು ಇನ್ನೊಂದೆಂದು ಭಾವಿಸಿದರೆ ನಷ್ಟ ಖಚಿತ. ‘ಶೇ 25 ಲಾಭವಿದೆಯಲ್ಲ, ದೀಪಾವಳಿಗೆ ಶೇ 20 ರಿಯಾಯಿತಿ ಕೊಟ್ಟರೂ ಶೇ 5 ಉಳಿಯುತ್ತದೆ’ ಎಂಬ ಲೆಕ್ಕಾಚಾರ ಸಾಮಾನ್ಯ. ನೂರು ರೂಪಾಯಿಯ ಮೇಲೆ ಶೇ 20 ರಿಯಾಯಿತಿ ಎಂದರೆ 80 ರೂ.ಗೆ ಮಾರಿದಂತೆ, ಉಳಿದದ್ದು ಸೊನ್ನೆ. ಆಟೊ ಬಾಡಿಗೆ ಸೇರಿಸಿದರೆ ಸೊನ್ನೆಗಿಂತ ಕೆಳಗೆ.

ಸಗಟು ದರ ಏರಿದಾಗ ಹಳೆಯ ದಾಸ್ತಾನಿನ ಬೆಲೆಯ ಪ್ರಶ್ನೆ ಬರುತ್ತದೆ. ಕೆಜಿಗೆ 45ರಂತೆ ಕೊಂಡ ಬಿಡಿ ಬೆಲ್ಲವನ್ನು 53ಕ್ಕೆ ಮಾರುತ್ತಿರುವಾಗ ಸಗಟು ದರ 52 ಆಯಿತೆನ್ನೋಣ. ಹಳೆಯದು ಮುಗಿಯುವವರೆಗೆ ಹಳೆಯ ಬೆಲೆಯೇ ಇರಲಿ ಎಂಬುದು ಒಳ್ಳೆಯ ಮನಸ್ಸಿನ ಮಾತು. ಆದರೆ ಮಾರಿ ಬಂದ 53 ರೂ.ಯಿಂದ ಅಷ್ಟೇ ಬೆಲ್ಲ ಮರಳಿ ತಂದರೆ ಕೈಯಲ್ಲಿ ಉಳಿಯುವುದು ಒಂದು ರೂಪಾಯಿ. ಬಿಡಿ ಸರಕಿನಲ್ಲಿ ಬೆಲೆಯನ್ನು ಹಂತಹಂತವಾಗಿಯಾದರೂ ಏರಿಸದಿದ್ದರೆ ಕಪಾಟು ಮತ್ತೆ ತೆಳ್ಳಗಾಗುತ್ತದೆ. ಮುದ್ರಿತ ಗರಿಷ್ಠ ಮಾರಾಟ ಬೆಲೆಯಿರುವ ಪೊಟ್ಟಣಗಳಲ್ಲಿ ಈ ಸ್ವಾತಂತ್ರ್ಯವಿಲ್ಲ. ಆ ಬೆಲೆ ಎಲ್ಲ ತೆರಿಗೆಗಳನ್ನೂ ಒಳಗೊಂಡಿದ್ದು, ಅದಕ್ಕಿಂತ ಹೆಚ್ಚು ಪಡೆಯುವುದು ಕಾನೂನುಬಾಹಿರ. ಅಲ್ಲಿ ಲಾಭ ನಿರ್ಧಾರವಾಗುವುದು ಕೊಳ್ಳುವಾಗ. ಆದುದರಿಂದ ಎರಡು-ಮೂರು ಸಗಟು ಅಂಗಡಿಗಳ ದರ ವಿಚಾರಿಸದೆ ಕೊಳ್ಳಬಾರದು.

ಚೀಲದಲ್ಲಿ ತಂದ ಮೆಣಸಿನಪುಡಿಯನ್ನೋ ಬೆಲ್ಲವನ್ನೋ ಮಳಿಗೆಯಲ್ಲಿಯೇ ಸಣ್ಣ ಪೊಟ್ಟಣ ಮಾಡಿ ಮಾರುವುದು ಒಳ್ಳೆಯ ಲಾಭ ತರುವ ಕೆಲಸ. ಆದರೆ ಆಗ ಒಕ್ಕೂಟವೇ ಪೊಟ್ಟಣ ಮಾಡುವವರ ಹೊಣೆ ಹೊರುತ್ತದೆ. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸರಕುಗಳ) ನಿಯಮಗಳಂತೆ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರು ದೂರು ನೀಡಬೇಕಾದ ವಿಳಾಸ ಮುಂತಾದವು ಪೊಟ್ಟಣದ ಮೇಲಿರಬೇಕು. ಆಹಾರ ವಸ್ತುವಾದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ನೋಂದಣಿ ಅಗತ್ಯ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಬೇಕು. ಇವುಗಳ ಶುಲ್ಕವೂ ಮಳಿಗೆಯ ಖರ್ಚಿನಲ್ಲಿ ಸೇರಬೇಕು.

ಸಂತೆಯ ದಿನ, ಉದ್ರಿ, ಕ್ಯೂಆರ್ ಫಲಕ

ಸಂತೆಗೆ ಒಯ್ಯುವ ಸರಕಿಗೆ ಬಿಲ್ಲು ಹಾಕುತ್ತ ಕೂರುವುದು ಸಾಧ್ಯವಿಲ್ಲ. ಬೆಳಗ್ಗೆ ಹೋದ ಸರಕು, ಸಂಜೆ ಮರಳಿದ ಸರಕು ಎಂಬ ಒಂದು ಚೀಟಿ ಸಾಕು. ಮಾರಾಟ ಬೆಲೆಯಲ್ಲಿ 9,400 ರೂ.ಗಳ ಸರಕು ಹೋಗಿ 5,850 ರೂ.ಗಳ ಸರಕು ಮರಳಿದರೆ 3,550 ರೂ. ಬಂದಿರಬೇಕು. ನಗದು 2,900, ಫೋನಿನ ಮೂಲಕ 480, ಉದ್ರಿ 120; ಒಟ್ಟು 3,500. ಕೊರತೆ 50 ರೂ. ಚೌಕಾಶಿಯಲ್ಲಿ ಬಿಟ್ಟದ್ದೋ, ಚಿಲ್ಲರೆ ತಪ್ಪಿದ್ದೋ ಅದೇ ಸಂಜೆ ನೆನಪಿರುತ್ತದೆ. ತಿಂಗಳ ಕೊನೆಯಲ್ಲಿ ಇರುವುದಿಲ್ಲ. ಸರಸ್ ಮೇಳದಂತಹ ದೂರದ ಪ್ರದರ್ಶನಗಳಿಗೂ ಇದೇ ಚೀಟಿ ಅನ್ವಯಿಸುತ್ತದೆ. ಅಲ್ಲಿ ಪ್ರಯಾಣ, ಊಟ, ವಸತಿಯ ಖರ್ಚನ್ನೂ ಅದೇ ಮೇಳದ ಲೆಕ್ಕದಲ್ಲಿ ಹಿಡಿಯಬೇಕು.

ಉದ್ರಿಯನ್ನು ಪೂರ್ತಿ ನಿಲ್ಲಿಸಿದರೆ ಹಳ್ಳಿಯಲ್ಲಿ ವ್ಯಾಪಾರ ನಡೆಯುವುದಿಲ್ಲ. ಹೆಸರು, ಮೊತ್ತ, ಕೊಡುವ ದಿನ ಬರೆದು, ಒಟ್ಟು ಉದ್ರಿಗೆ ಒಂದು ಮಿತಿ ಹಾಕಿಕೊಳ್ಳಬಹುದು. ಮಿತಿ ಮುಟ್ಟಿದ ದಿನ ಹಳೆಯದು ಬರುವವರೆಗೆ ಹೊಸದಿಲ್ಲ. ಇಲ್ಲಿ ಸದಸ್ಯರ ಗಮನಕ್ಕೆ ತರಬೇಕಾದ ಒಂದು ಸಂಗತಿಯುಂಟು. ಕೂಲಿಯವರ ಉದ್ರಿ ಸಂತೆಯ ದಿನಕ್ಕೆ ತೀರುತ್ತದೆ. ಊರಿನಲ್ಲಿ ಸ್ಥಾನಮಾನವುಳ್ಳವರ ಮನೆಯ ಉದ್ರಿಯನ್ನು ಕೇಳಲು ಮಳಿಗೆಯಲ್ಲಿ ಕುಳಿತ ಹೆಣ್ಣುಮಗಳಿಗೆ ಬಾಯಿ ಬರುವುದಿಲ್ಲ. ಪಂಚಾಯಿತಿ ಸದಸ್ಯರ ಮನೆಯವರು ನಗದು ಕೊಟ್ಟು ಕೊಂಡರೆ, ಯಾವ ನಿರ್ಣಯವನ್ನೂ ಅಂಗೀಕರಿಸದೆ ಮಳಿಗೆಗೆ ದೊಡ್ಡ ನೆರವು ನೀಡಿದಂತಾಗುತ್ತದೆ.

ಕ್ಯೂಆರ್ ಫಲಕ ಒಕ್ಕೂಟದ ಖಾತೆಗೆ ಸೇರಿರಬೇಕು. ಮಾರುವವರ ಅಥವಾ ಅವರ ಮಗನ ಫೋನಿಗೆ ಸೇರಿರಬಾರದು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದಾಗ ವ್ಯಾಪಾರದ ಹಣ ಮತ್ತು ಮನೆಯ ಹಣ ಒಂದೇ ಖಾತೆಯಲ್ಲಿ ಬೆರೆತಿದ್ದರೆ ಆಗುವ ತೊಂದರೆ ಎಲ್ಲರ ಅರಿವಿಗೆ ಬಂತು. ಸರಕು ಮಾತ್ರ ಮಾರುವವರಿಗೆ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿಯ ವಾರ್ಷಿಕ ವಹಿವಾಟಿನ ಮಿತಿ 40 ಲಕ್ಷ ರೂ. ಉದಾಹರಣೆಯ ಮಳಿಗೆಯ ವರ್ಷದ ಮಾರಾಟ 6 ಲಕ್ಷ ರೂ.ಗಳನ್ನೂ ಮುಟ್ಟುವುದಿಲ್ಲ. ಆದರೂ ಖಾತೆ ಪ್ರತ್ಯೇಕವಾಗಿದ್ದರೆ ಮಾತ್ರ ಅದನ್ನು ತೋರಿಸಿಕೊಡಲು ಸಾಧ್ಯ.

ಪಂಚಾಯಿತಿಯ ಪಾತ್ರ

ಒಕ್ಕೂಟ ಸ್ವತಂತ್ರ ಸಂಸ್ಥೆ. ಅದರ ಪುಸ್ತಕಗಳ ಮೇಲೆ ಪಂಚಾಯಿತಿ ಸದಸ್ಯರಿಗೆ ಯಜಮಾನಿಕೆ ಇಲ್ಲ. ಯಾರನ್ನು ಮಳಿಗೆಯಲ್ಲಿ ಕೂರಿಸಬೇಕು, ಯಾವ ಸಗಟು ವ್ಯಾಪಾರಿಯಿಂದ ತರಬೇಕು ಎಂದು ಸೂಚಿಸುವುದು ಸದಸ್ಯರ ಕೆಲಸವಲ್ಲ. ಕಟ್ಟಡದ ಒಡೆತನದ ನೆಲೆಯಿಂದ, ಬಾಡಿಗೆ ಕರಾರಿನ ನವೀಕರಣಕ್ಕೆ ಮುನ್ನ ಹಿಂದಿನ ಮೂರು ತಿಂಗಳ ದಾಸ್ತಾನು ಎಣಿಕೆಯ ಹಾಳೆ ಮತ್ತು ಲಾಭದ ಲೆಕ್ಕವನ್ನು ಕೇಳಬಹುದು. ಕರಾರಿನಲ್ಲಿ ಆ ಷರತ್ತನ್ನು ಮೊದಲೇ ಬರೆದುಕೊಳ್ಳುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳೊಂದಿಗೆ ಚರ್ಚಿಸಬಹುದು. ಆ ಹಾಳೆಗಳಲ್ಲಿ ಮೂರು ತಿಂಗಳ ಅಂತ್ಯದ ದಾಸ್ತಾನು ಒಂದೇ ಸಮನೆ ಇಳಿಯುತ್ತಿದ್ದರೆ ಬಂಡವಾಳ ಕರಗುತ್ತಿದೆ ಎಂದರ್ಥ. ಒಂದೇ ಸಮನೆ ಏರುತ್ತ, ಮಾರಾಟ ಮಾತ್ರ ನಿಂತಲ್ಲೇ ಇದ್ದರೆ ಬೇಡವಾದ ಸರಕು ತುಂಬುತ್ತಿದೆ ಎಂದರ್ಥ.

ಬಾಡಿಗೆ ರಿಯಾಯಿತಿಯ ವಿಷಯದಲ್ಲಿ ಔದಾರ್ಯ ತೋರುವಾಗಲೂ ಲೆಕ್ಕದ ಅರಿವಿರಬೇಕು. ನಿಯಮಗಳಿಗೆ ಒಳಪಟ್ಟು ಮೊದಲ ವರ್ಷ ಬಾಡಿಗೆ ವಿನಾಯಿತಿ ಸಿಕ್ಕಿತೆನ್ನೋಣ. ಉದಾಹರಣೆಯ ಮಳಿಗೆಯ ನಿವ್ವಳ ಲಾಭ 750ರಿಂದ 1,750 ಆಗುತ್ತದೆ. ಎರಡನೆಯ ವರ್ಷ ವಿನಾಯಿತಿ ನಿಂತಾಗ 1,000 ರೂ. ಹೊಸ ಹೊರೆಯಂತೆ ಕಾಣುತ್ತದೆ. ವಿನಾಯಿತಿಯ ಅವಧಿಯಲ್ಲಿಯೂ ಬಾಡಿಗೆಯನ್ನು ಖರ್ಚೆಂದು ಬರೆದು, ಆ ಮೊತ್ತವನ್ನು ಬೇರೆ ಉಳಿತಾಯ ಖಾತೆಗೆ ಹಾಕುವಂತೆ ಒಕ್ಕೂಟಕ್ಕೆ ಸಲಹೆ ನೀಡಬಹುದು. ವರ್ಷಕ್ಕೆ 12,000 ರೂ. ಸೇರಿದರೆ ಒಂದು ಹಬ್ಬದ ಖರೀದಿಗೆ ಸಗಟು ವ್ಯಾಪಾರಿಯ ಸಾಲ ಬೇಡವಾಗುತ್ತದೆ.

ಗೌರವಧನದ ವಿಷಯ ಇದಕ್ಕಿಂತ ಗಂಭೀರ. ‘ನಮ್ಮದೇ ಮಳಿಗೆ, ನಾವೇ ಸರದಿಯಂತೆ ಕೂರುತ್ತೇವೆ’ ಎಂದು ಗೌರವಧನ ಬರೆಯದೆ ಬಿಟ್ಟ ಮಳಿಗೆಗಳು 4,650 ರೂ. ಲಾಭವೆಂದು ವರದಿ ಮಾಡುತ್ತವೆ. ಆ ಲಾಭದ ಬಹುಪಾಲು ಕೂತವರ ಕೂಲಿ. ಮೊದಲು ಸರದಿ ತಪ್ಪಿಸುವವರು ಆ ದಿನ ಹೊಲದಲ್ಲಿ ಅಥವಾ ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಕೂಲಿ ಬಿಡಲಾಗದ ಬಡ ಸದಸ್ಯೆಯರು. ಕೊನೆಗೆ ಮಳಿಗೆ ಉಳಿಯುವುದು ಕೂಲಿಯ ಅಗತ್ಯವಿಲ್ಲದ ಇಬ್ಬರು ಮೂವರ ಕೈಯಲ್ಲಿ. ಬಡವರಿಗಾಗಿ ತೆರೆದ ಮಳಿಗೆ ಹೀಗೆ ಕೈ ಬದಲಾಗುವುದು ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ವಾರ್ಡಿನ ಸದಸ್ಯರ ಕಣ್ಣಿಗೆ ಕಾಣಬೇಕು.

ಅಭ್ಯಾಸ ಲೆಕ್ಕ

ಮುಂದಿನ ತಿಂಗಳು ಅದೇ ಮಳಿಗೆಗೆ ಗೌರಿ-ಗಣೇಶ ಹಬ್ಬ ಬಂತು. ಆರಂಭದ ದಾಸ್ತಾನು 45,500, ಖರೀದಿ 58,000, ಮಾರಾಟ 68,000, ಅಂತ್ಯದ ದಾಸ್ತಾನು 49,000 ರೂ. ಖರ್ಚು 4,400, ಮಳಿಗೆ 30 ದಿನವೂ ತೆರೆದಿದ್ದರಿಂದ ಗೌರವಧನ 4,500 ರೂ. ಅಂತ್ಯದ ದಾಸ್ತಾನಿನಲ್ಲಿ 7,000 ರೂ. ಬೆಲೆಯ ಬಾಗಿನದ ಮೊರಗಳೂ ಹಬ್ಬದ ಅಲಂಕಾರ ಸಾಮಗ್ರಿಗಳೂ ಉಳಿದಿವೆ. ಬಾಗಿನಕ್ಕೆಂದು ತಂದಿದ್ದ ಬಳೆ, ಕನ್ನಡಿ, ಬಾಚಣಿಗೆ ಜಾತ್ರೆಗಳಲ್ಲಿ ಹೋಗುತ್ತವೆ. ಅವು ಈ ಮೊತ್ತದಲ್ಲಿ ಸೇರಿಲ್ಲ. ಮೊರಕ್ಕೆ ಮುಂದಿನ ಹಬ್ಬದೊಳಗೆ ಹುಳು ಹಿಡಿಯುತ್ತದೆ. ಅಲಂಕಾರದ ಬಣ್ಣ ಮಾಸುತ್ತದೆ. ಅರ್ಧ ಬೆಲೆಗೆ ಮಾರಿದರೆ ಹೋದೀತೆಂದು ಮಳಿಗೆಯವರ ಅಂದಾಜು.

ಈ ತಿಂಗಳ ಲಾಭವೆಷ್ಟು, ಅದರಲ್ಲಿ ಹಂಚಬಹುದಾದದ್ದು ಎಷ್ಟು ಎಂಬುದನ್ನು ಸದಸ್ಯರು ತಾವೇ ಬರೆದು ನೋಡಿ, ನಂತರ ಮುಂದಿನ ಸಾಲುಗಳೊಂದಿಗೆ ಹೋಲಿಸಬಹುದು.

ಮಾರಾಟವಾದ ಸರಕಿನ ಅಸಲು 54,500 ರೂ.; ಒಟ್ಟು ಲಾಭ 13,500 ರೂ.; ಖರ್ಚು ಮತ್ತು ಗೌರವಧನ 8,900 ಕಳೆದರೆ 4,600 ರೂ. ಉಳಿದ ಹಬ್ಬದ ಸರಕಿನ ಬೆಲೆಯನ್ನು 7,000ದಿಂದ 3,500ಕ್ಕೆ ಇಳಿಸಿ ಬರೆದರೆ ಅಂತ್ಯದ ದಾಸ್ತಾನು 45,500 ಆಗುತ್ತದೆ. ನಿವ್ವಳ ಲಾಭ 1,100 ರೂ.ಗೆ ಇಳಿಯುತ್ತದೆ. ಮಾರಾಟ ಹಿಂದಿನ ತಿಂಗಳಿಗಿಂತ 21,000 ರೂ. ಹೆಚ್ಚಿದ್ದರೂ ನಿವ್ವಳ ಲಾಭ ಹೆಚ್ಚಿದ್ದು 350 ರೂ. ಮಾತ್ರ. ಹಂಚಬೇಕೆಂದಿದ್ದರೆ ಹಂಚಬಹುದಾದ ಗರಿಷ್ಠ ಮೊತ್ತ 1,100 ರೂ.; ಹಂಚದೆ ಮುಂದಿನ ಹಬ್ಬದ ಖರೀದಿಗೆ ಇರಿಸಿಕೊಂಡರೆ ಇನ್ನೂ ಉತ್ತಮ.